ಮೋಟಾರು ವೇಗಕ್ಕೆ ಕಡಿವಾಣ

ಅಂಬರನಾಥದ ಶಿವಾಲಯವು ಶಕವರ್ಷ 982ರಲ್ಲಿ, ಎಂದರೆ ಕ್ರಿ. ಶ. 1060ರಲ್ಲಿ, ಶಿಲಾಹಾರರ ಕಾಲಕ್ಕೆ ಸಿದ್ಧವಾಯಿತೆಂಬುದನ್ನು ಇಲ್ಲಿಯ ಕನ್ನಡಿಗರೆಲ್ಲ ಬಲ್ಲರು. ಅಂದಿನ ಗಾಡಿಗಳಿಗೆ ವೇಗದ ಮಿತಿಯನ್ನು ಎತ್ತುಗಳೇ ಹಾಕುತ್ತಿದ್ದವು. ಇಂದು ಕಲ್ಯಾಣ-ಬದಲಾಪುರ ರಸ್ತೆಯಲ್ಲಿ ಲಾರಿ, ರಿಕ್ಷಾ, ಕಾರುಗಳು ಹಗಲಿರುಳೂ ಓಡುತ್ತಿವೆ. ನಮ್ಮವರಲ್ಲಿಯೂ ಗಾಡಿ ಓಡಿಸಿಯೇ ಸಂಸಾರ ಸಾಗಿಸುವವರು ಇರುವುದರಿಂದ, ವೇಗದ ಕಾಯಿದೆ ಬೆಳೆದು ಬಂದ ಬಗೆಯನ್ನು ಅರಿತುಕೊಳ್ಳುವುದು ಹಿತಕರವೇ ಸರಿ.

ಇಂಗ್ಲೆಂಡಿನ 1865ರ ಕಾಯಿದೆಯು ಯಂತ್ರದ ಗಾಡಿಗೆ ಹಳ್ಳಿಗಾಡಿನಲ್ಲಿ ತಾಸಿಗೆ 4 ಮೈಲಿ, ಊರೊಳಗೆ 2 ಮೈಲಿ ಎಂದು ವಿಧಿಸಿದ್ದಿತು. ಮುಂದೆ ಕೆಂಪು ಬಾವುಟ ಹಿಡಿದವನೊಬ್ಬ ನಡೆಯಬೇಕಾಗಿದ್ದಿತು. 1896ರ ಜನವರಿಯಲ್ಲಿ ಕೆಂಟ್ ಪ್ರಾಂತದ ವಾಲ್ಟರ್ ಆರ್ನಾಲ್ಡ್ ಎಂಬಾತ ಊರೊಳಗೆ 8 ಮೈಲಿ ವೇಗದಿಂದ ಹೋದನೆಂದು, ಪೋಲೀಸನು ಬೈಸಿಕಲ್ಲಿನ ಮೇಲೆ ಬೆನ್ನಟ್ಟಿ ಹಿಡಿದನು! ಅತಿವೇಗಕ್ಕಾಗಿ ಆದ ದಂಡ 1 ಶಿಲಿಂಗು. ಅದೇ ವರ್ಷ ಮಿತಿಯು 14 ಮೈಲಿಗೆ ಏರಿತು.

ನಮ್ಮ ದೇಶದಲ್ಲಿ ಮೊದಲು 1914ರ, ಆಮೇಲೆ 1939ರ ಮೋಟಾರು ಕಾಯಿದೆ ಬಂದಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳೂ ಠಾಣೆ ಜಿಲ್ಲೆಯೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು. ಧಾರವಾಡದ ಚಾಲಕನಿಗೂ ಅಂಬರನಾಥದ ಚಾಲಕನಿಗೂ 1940ರ ಮುಂಬಯಿ ಮೋಟಾರು ನಿಯಮಗಳೇ ಅನ್ವಯಿಸುತ್ತಿದ್ದವು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಕನ್ನಡ ನಾಡನ್ನು ಕೂಡಿಕೊಂಡವು.

1939ರ ಕಾಯಿದೆಯಲ್ಲಿ ಬಡ ಚಾಲಕನಿಗೆ ಆಸರೆಯಾದ ಎರಡು ಮಾತುಗಳಿದ್ದವು. 1988ರ ಕಾಯಿದೆಯ 183ನೆಯ ಕಲಮಿನಲ್ಲಿಯೂ ಅವು ಉಳಿದಿವೆ. ಮೊದಲನೆಯದು: "ಬಹಳ ಜೋರಾಗಿ ಬರುತ್ತಿದ್ದ" ಎಂಬ ಒಬ್ಬನೇ ಸಾಕ್ಷಿಯ ಅಂದಾಜಿನ ಮೇಲೆ ಯಾರನ್ನೂ ಅಪರಾಧಿಯೆನ್ನಲಾಗದು, ಆ ಅಂದಾಜು ಯಂತ್ರಸಾಧನದಿಂದ ದೊರೆತುದಾಗಿರಬೇಕು. ಎರಡನೆಯದು: ಮಿತಿ ಮೀರದೆ ಮುಟ್ಟಲಾರದಂಥ ವೇಳಾಪತ್ರಿಕೆ ಹೊರಡಿಸಿದರೆ, ಇಲ್ಲವೆ "ಇಂತಿಷ್ಟೇ ತಾಸಿನಲ್ಲಿ ಮುಟ್ಟಿಸು" ಎಂದು ಅಪ್ಪಣೆ ಮಾಡಿದರೆ, ಮೇಲ್ನೋಟಕ್ಕೆ ಆ ಧಣಿಯೂ ತಪ್ಪಿತಸ್ಥನೇ. ಧಣಿಯ ಅವಸರದ ಭಾರವನ್ನು ಆಳೊಬ್ಬನ ಹೆಗಲಿಗೇ ಹೇರಲು ಕಾಯಿದೆ ಒಪ್ಪಲಿಲ್ಲ.

1988ರ ಕಾಯಿದೆಯಲ್ಲಿ ಮೊದಲ ತಪ್ಪಿಗೆ ದಂಡ 400 ರೂಪಾಯಿಯವರೆಗೆ ಇದ್ದಿತು. 2019ರ ತಿದ್ದುಪಡಿಯು ಅದನ್ನು ಲಘು ವಾಹನಕ್ಕೆ 1000ದಿಂದ 2000, ಮಧ್ಯಮ ಮತ್ತು ಭಾರಿ ವಾಹನಕ್ಕೆ 2000ದಿಂದ 4000 ರೂಪಾಯಿಗೆ ಏರಿಸಿತು. ಮತ್ತೆ ತಪ್ಪಿದರೆ ಲೈಸೆನ್ಸನ್ನೇ ಜಪ್ತಿ ಮಾಡಿಕೊಳ್ಳಬಹುದು. ಚಾಲಕನಿಗೆ ಲೈಸೆನ್ಸು ಹೋಯಿತೆಂದರೆ ಮನೆಯ ಒಲೆಯೇ ಆರಿದಂತೆ.

ಈಗ ಬೆನ್ನಟ್ಟುವವನು ಬೈಸಿಕಲ್ಲಿನ ಪೋಲೀಸನಲ್ಲ, ಕ್ಯಾಮರಾ. ಅದಕ್ಕೂ ಕಟ್ಟುಪಾಡುಗಳುಂಟು. 2021ರ ನಿಯಮವು ಸಾಧನಕ್ಕೆ ಅನುಮೋದನೆಯ ಪ್ರಮಾಣಪತ್ರ ಬೇಕೆಂದೂ, ಕ್ಯಾಮರಾ ಇರುವುದನ್ನು ಜನರಿಗೆ ತಿಳಿಸುವ ಫಲಕ ಇರಬೇಕೆಂದೂ ವಿಧಿಸಿತು. ರಸ್ತೆಯೊಂದಕ್ಕೆ ಪ್ರತ್ಯೇಕ ಮಿತಿ ಗೊತ್ತುಪಡಿಸುವಾಗ ತಕ್ಕ ಸ್ಥಳಗಳಲ್ಲಿ ಫಲಕ ನಿಲ್ಲಿಸಬೇಕೆಂದು 112ನೆಯ ಕಲಮು ಹೇಳುತ್ತದೆ. ಆದುದರಿಂದ ಚಲಾನು ಬಂದೊಡನೆ ಗಾಬರಿಯಾಗದೆ ಗಾಡಿಯ ನಂಬರು, ಸ್ಥಳ, ವೇಳೆ, ಚಿತ್ರ ಇವನ್ನು ತಾಳೆ ನೋಡಬೇಕು; ತಪ್ಪು ಕಂಡರೆ ಆಧಾರಸಹಿತ ತಕರಾರು ಸಲ್ಲಿಸಬೇಕು.

ಆದರೆ ಈ ರಕ್ಷಣೆಗಳೆಲ್ಲ ನಿರಪರಾಧಿಗಾಗಿ ಇರುವಂಥವು. ರಾಜ್ಯೋತ್ಸವ ಮುಗಿಸಿ ಊರಿಗೆ ಹೊರಡುವ ಬಂಧುಗಳು ಘಟ್ಟದ ತಿರುವಿನಲ್ಲಿ ಇದನ್ನು ನೆನೆದರೆ ಸಾಕು: ತಡವಾಗಿ ಬಂದವನಿಗೂ ತಾಯಿ ಬಾಗಿಲು ತೆರೆಯುತ್ತಾಳೆ, ಬಾರದೆ ಹೋದವನಿಗಾಗಿ ತೆರೆದ ಬಾಗಿಲು ಮುಚ್ಚುವುದೇ ಇಲ್ಲ.