ಸಮಾಚಾರ

ಸಮಾಚಾರ (ನಾಮಪದ): ಸುದ್ದಿ, ವಾರ್ತೆ, ವಿಷಯ, ಸಂಗತಿ.

ಇದು ಸಂಸ್ಕೃತದಿಂದ ಬಂದ ಪದ. 'ಚರ್' ಧಾತುವಿಗೆ 'ಸಮ್', 'ಆ' ಎಂಬ ಉಪಸರ್ಗಗಳು ಸೇರಿ ಆಗಿದೆ. ಸಂಸ್ಕೃತದಲ್ಲಿ ಇದಕ್ಕೆ ನಡವಳಿಕೆ, ಒಳ್ಳೆಯ ನಡತೆ ಎಂಬ ಅರ್ಥವೂ ಉಂಟು. ಕನ್ನಡದಲ್ಲಿ ಬಳಕೆಯಾಗುವುದು ಮುಖ್ಯವಾಗಿ ಸುದ್ದಿ ಎಂಬ ಅರ್ಥದಲ್ಲಿ.

ಎದುರಾದವರನ್ನು 'ಏನ್ ಸಮಾಚಾರ?' ಎಂದು ಕೇಳುವುದು ಕುಶಲ ವಿಚಾರಿಸಿದಂತೆ. 'ಅವರ ಸಮಾಚಾರ ನಮಗ್ಯಾಕೆ?' ಎಂದಾಗ ಅದು ಉಸಾಬರಿ, ಗೊಡವೆ.

ಈ ಪದ ಕನ್ನಡದಲ್ಲಿ ಅಚ್ಚಿನ ಪತ್ರಿಕೆಯ ಹೆಸರಾದದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಅಂದು ಮಂಗಳೂರಿನಲ್ಲಿ ಕಲ್ಲಚ್ಚಿನ 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆಯಾದ ಇದು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಊರ ವರ್ತಮಾನದ ಜೊತೆಗೆ ಸರ್ಕಾರದ ಕಾನೂನು, ನಿರೂಪಗಳನ್ನೂ ತಿಳಿಸುತ್ತಿತ್ತು. ಮರುವರ್ಷ ಬಳ್ಳಾರಿಯಲ್ಲಿ 'ಕನ್ನಡ ಸಮಾಚಾರ' ಎಂಬ ಹೆಸರಿನಿಂದ ಮುಂದುವರಿಯಿತು. ಆಳುವವರ ಆದೇಶವನ್ನು ಜನ ತಮ್ಮದೇ ನುಡಿಯಲ್ಲಿ ಓದುವಂತಾದದ್ದು ದೊಡ್ಡ ಬದಲಾವಣೆ. ಓದಿ ತಿಳಿದವರೇ ಮುಂದೆ ಪ್ರಶ್ನಿಸಲೂ ಬಲ್ಲರು.

ಸುದ್ದಿ ಕೊಡುವವರು ಒಳ್ಳೆಯ ನಡತೆ ಎಂಬ ಈ ಪದದ ಹಳೆಯ ಅರ್ಥವನ್ನೂ ನೆನಪಿಡಬೇಕು. ಪರಿಶೀಲಿಸದೆ ಹರಡಿದ ಮಾತು ಸಮಾಚಾರವಲ್ಲ, ಗಾಳಿಸುದ್ದಿ. 'ಮಂಗಳೂರ ಸಮಾಚಾರ' ಹೊರಬಂದ ನೆನಪಿಗೆ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ.