ಗೌಡನ ಮುಂದೆ ಚಪ್ಪಲಿ ಬಿಡದ ಮೋಶೆ



ಬರಹ ಸ್ವಲ್ಪ ಉದ್ದ ಇದೆ. ಬಿಡುವು ಮಾಡಿಕೊಂಡು ಓದಿ.

ನನ್ನ ಆಯಿಗೆ, ಅಂದ್ರೆ ಅಪ್ಪನ ಅವ್ವಗೆ, ಓದೋಕೆ ಬರ್ತಿರಲಿಲ್ಲ. ಬೀದರ್ ಸೀಮೆಯ ನಮ್ಮ ಕೇರಿ ಆಕಿಯ ಅಪ್ಪನ ಕಾಲಕ್ಕೇ ಮೆಥೋಡಿಸ್ಟ್ ಸಭೆ ಸೇರಿತ್ತು. ಆಗೊಮ್ಮೆ ಈಗೊಮ್ಮೆ ಬರ್ತಿದ್ದ ಉಪದೇಶಿ ಹೇಳಿದ ಕಥೆಗಳೇ ಆಕಿಯ ಬೈಬಲ್. ರಾತ್ರಿ ರೊಟ್ಟಿ ಬಡಿದು ಮುಗಿಸಿ, ಒಲೆ ಮುಂದೆ ಕೂತು ನಮಗೆ ಅದನ್ನೇ ಹೇಳ್ತಿದ್ಲು. ಆದ್ರೆ ಆಕಿಯ ಬಾಯಿಗೆ ಬರೋ ಹೊತ್ತಿಗೆ ಕಥೆ ಬೇರೆಯೇ ಆಗಿರ್ತಿತ್ತು. ಐಗುಪ್ತದ ಫರೋಹ ನಮ್ಮೂರ ಗೌಡನ ಥರ ಮೀಸೆ ತಿರುವುತ್ತಿದ್ದ. ಇಸ್ರಾಯೇಲ್ಯರು ಇಟ್ಟಿಗೆ ಮಾಡೋದು ಬಿಟ್ಟು ಗೌಡನ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದರು.

"ಮೋಶೆ ಹೋಗಿ ಗೌಡನ ಮನಿ ಮುಂದ ನಿಂತ. ಕಾಲಾಗಿನ ಚಪ್ಪಲಿ ಬಿಡಲಿಲ್ಲ. ತಲಿ ಬಗ್ಗಸಲಿಲ್ಲ" ಅಂತಿದ್ಲು ಆಯಿ.

ಬೈಬಲಿನಲ್ಲಿ ಮೋಶೆ ಉರಿಯುವ ಪೊದೆಯ ಹತ್ತಿರ, ದೇವರ ಮುಂದೆ ಕಾಲಿನ ಕೆರ ಬಿಡಬೇಕಾಗುತ್ತದೆ. ನಮ್ಮಾಯಿಯ ಮೋಶೆ ಗೌಡನ ಮುಂದೆ ಬಿಡಲಿಲ್ಲ. ಗೌಡರ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರಿಗೆ ಮಾತ್ರ ಈ ಬದಲಾವಣೆಯ ಬೆಲೆ ಗೊತ್ತಾಗುತ್ತೆ.

ಸಂಘಟನೆಗೆ ಬಂದ ಮೇಲೆ, ಬಾಬಾಸಾಹೇಬರನ್ನು ಓದಿದ ಮೇಲೆ ನನಗೆ ಆಯಿಯ ಕಥೆಗಳಂದ್ರೆ ಮುಜುಗರ. ಸತ್ತ ಮೇಲಿನ ಸುಖದ ಆಸೆ ತೋರಿಸಿ ನಮ್ಮ ಜನರನ್ನು ಸುಮ್ಮನೆ ಕೂರಿಸುವ ಕಥೆಗಳಿವು ಅಂತ ಒಂದಿನ ಆಕಿಯ ಮುಖಕ್ಕೇ ಅಂದುಬಿಟ್ಟೆ. ಆಕಿ ಸಿಟ್ಟಾಗಲಿಲ್ಲ. "ನೀ ಕಥಿ ಪೂರಾ ಕೇಳೇ ಇಲ್ಲ ಬಿಡವ್ವಾ" ಅಂದ್ಲು. ಆ ಮಾತು ಅರ್ಥ ಆಗೋಕೆ ನನಗೆ ಇಪ್ಪತ್ತು ವರ್ಷ ಬೇಕಾಯ್ತು.

ಈ ಕಥೆ ಜನರನ್ನು ಸುಮ್ಮನೆ ಕೂರಿಸುವಂಥದ್ದೇ ಆಗಿದ್ದರೆ ಮಾಲೀಕರು ಅದಕ್ಕೆ ಯಾಕೆ ಹೆದರಬೇಕಿತ್ತು? 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟದಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಗುಲಾಮರಿಗೆಂದೇ ಮಾಡಿದ್ದು. ಪೂರ್ತಿ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ಇದರಲ್ಲಿ ಉಳಿಸಿದ್ದು 232 ಮಾತ್ರ. ಯಜಮಾನನಿಗೆ ವಿಧೇಯರಾಗಿರಿ ಎನ್ನುವ ಭಾಗ ಉಳಿಯಿತು. ಮೋಶೆ ತನ್ನ ಜನರನ್ನು ಐಗುಪ್ತದಿಂದ ಬಿಡಿಸಿಕೊಂಡು ಹೋಗುವ ಕಥೆ ಹೋಯಿತು. ಆದ್ರೂ ಕಥೆ ಸಾಯಲಿಲ್ಲ. ಅಮೆರಿಕದ ಗುಲಾಮರು ರಾತ್ರಿ ಕದ್ದು ಸೇರಿ ಅದನ್ನೇ ಹೇಳಿಕೊಂಡರು, ಹಾಡಿಕೊಂಡರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ವಾಪಸ್ ಹೋಗಿ ತನ್ನವರನ್ನು ಕರೆತಂದ ಹ್ಯಾರಿಯೆಟ್ ಟಬ್‌ಮನ್‌ಗೆ ಜನ ಇಟ್ಟ ಹೆಸರೇ ಮೋಸೆಸ್. ಆಕೆಗೂ ಓದು ಬರ್ತಿರಲಿಲ್ಲ.

ಇದು ದೂರದ ಮಾತಾಯ್ತು ಅಂತೀರಾ? ನಮ್ಮ ಪಕ್ಕದ ತಿರುವಾಂಕೂರಿಗೆ ಬನ್ನಿ.

ಅಲ್ಲಿ ಪುಲಯರು, ಪರಯರು, ಕುರವರು ಗುಲಾಮರಾಗಿದ್ದರು. ಉಪಮೆಗೆ ಹೇಳ್ತಿಲ್ಲ, ನಿಜವಾಗಿಯೂ ಮಾರುತ್ತಿದ್ದರು, ಕೊಳ್ಳುತ್ತಿದ್ದರು, ಒತ್ತೆ ಇಡುತ್ತಿದ್ದರು. ಗಂಡ ಒಂದು ಕಡೆಗೆ, ಹೆಂಡತಿ ಇನ್ನೊಂದು ಕಡೆಗೆ, ಮಕ್ಕಳು ಮತ್ತೊಂದು ಕಡೆಗೆ. ಮಾಲೀಕರಲ್ಲಿ ಸವರ್ಣ ಹಿಂದೂಗಳಿದ್ದರು, ಸಿರಿಯನ್ ಕ್ರೈಸ್ತರಿದ್ದರು, ಸರ್ಕಾರವೂ ಇತ್ತು. ಕಾನೂನಿನಲ್ಲಿ ಗುಲಾಮಗಿರಿ ಪೂರ್ತಿ ರದ್ದಾಗಿದ್ದು 1855ರಲ್ಲಿ. ಮಿಷನರಿಗಳು ಇವರಿಗಾಗಿ ಶಾಲೆ ತೆರೆದಾಗ ಹಗಲೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿ ಬಂದು ಅಕ್ಷರ ಕಲಿತರು. ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿದರು. ಒಟ್ಟಿಗೆ ಕೂತು ಕೇಳುವ ಒಂದು ಜಾಗ ಮೊದಲ ಸಲ ಸಿಕ್ಕಿತು. ಇದನ್ನು ಸಣ್ಣದು ಅಂತ ನಾನೀಗ ಹೇಳಲಾರೆ.

ಆದ್ರೆ ಜಾತಿ ಚರ್ಚಿನೊಳಗೂ ಬಂತು. ದೀಕ್ಷಾಸ್ನಾನ ಒಂದೇ, ಪ್ರಾರ್ಥನೆಯ ಜಾಗ ಬೇರೆ, ಹೂಳುವ ಮಣ್ಣೂ ಬೇರೆ.

1879ರಲ್ಲಿ ಇರವಿಪೇರೂರಿನಲ್ಲಿ ಒಬ್ಬ ಪರಯ ಹುಡುಗ ಹುಟ್ಟಿದ. ಅವನ ಮನೆಯವರು ಒಂದು ಸಿರಿಯನ್ ಕ್ರೈಸ್ತ ಕುಟುಂಬಕ್ಕೆ ಜೀತಕ್ಕಿದ್ದವರು. ಹುಡುಗ ಓದು ಕಲಿತ, ಮಾರ್ ತೋಮಾ ಸಭೆ ಸೇರಿ ಯೋಹನ್ನಾನ್ ಆದ. ಬೈಬಲ್ ಕಥೆಗಳನ್ನು ಮನ ಮುಟ್ಟುವ ಹಾಗೆ ಹೇಳುತ್ತಿದ್ದ ಅವನನ್ನು ಜನ ಕರೆದಿದ್ದು ಯೋಹನ್ನಾನ್ ಉಪದೇಶಿ ಅಂತ. ನಮ್ಮ ಕೇರಿಯ ಅದೇ ಪದ! ಸಭೆ ಬದಲಿಸಿ ನೋಡಿದ, ಜಾತಿ ಅಲ್ಲೂ ಕಾಯುತ್ತಾ ಇತ್ತು. ಕೊನೆಗೆ ಅವನು ಕೇಳಿದ ಪ್ರಶ್ನೆ ಇದು: ಪೌಲನು ರೋಮಿನವರಿಗೆ ಪತ್ರ ಬರೆದ, ಕೊರಿಂಥದವರಿಗೆ ಬರೆದ. ತಿರುವಾಂಕೂರಿನ ಪುಲಯರಿಗೆ, ಪರಯರಿಗೆ ಬರೆದ ಪತ್ರ ಎಲ್ಲಿದೆ?

ಅವರೇ ಪೊಯ್ಕಯಿಲ್ ಅಪ್ಪಚ್ಚನ್. ಪುಸ್ತಕದಲ್ಲಿ ಇಲ್ಲದ ಪುಟವನ್ನು ಅವರು ಬಾಯಿಂದಲೇ ಕಟ್ಟಿದರು. ಸಭೆ ಸೇರಿಸಿ ಗುಲಾಮರ ಕಥೆ ಹೇಳಿದರು. ಮಾರಾಟವಾಗಿ ದೂರ ಹೋದ ಅಪ್ಪ ಅಮ್ಮ, ದಿಕ್ಕಿಲ್ಲದೆ ಉಳಿದ ಎಳೆ ಮಕ್ಕಳು. ಕೇಳುತ್ತಿದ್ದವರು ಅಳುತ್ತಿದ್ದರು, ಯಾಕಂದ್ರೆ ಅದು ಅವರ ಅಜ್ಜ ಅಜ್ಜಿಯರ ಕಥೆ. ಹಾಗೆ ಒಟ್ಟಿಗೆ ಅತ್ತವರು ಪುಲಯ, ಪರಯ, ಕುರವ ಅನ್ನೋ ಭೇದ ಮರೆತು ಒಂದೇ ಜನ ಆದರು. 1909ರ ಹೊತ್ತಿಗೆ ಕಟ್ಟಿದ ಸಂಘಕ್ಕೆ ಅವರು ಇಟ್ಟ ಹೆಸರು ಪ್ರತ್ಯಕ್ಷ ರಕ್ಷಾ ದೈವ ಸಭಾ. ರಕ್ಷಣೆ ಅನ್ನೋದು ಪ್ರತ್ಯಕ್ಷವಾಗಿ, ಇಲ್ಲೇ ಕಾಣಬೇಕು. ಶಾಲೆ ತೆರೆದರು. 1921ರಲ್ಲಿ, ಮತ್ತೆ 1931ರಲ್ಲಿ ಶ್ರೀಮೂಲಂ ಪ್ರಜಾಸಭೆಯ ಸದಸ್ಯರಾಗಿ ನಮ್ಮ ಜನಕ್ಕೆ ಭೂಮಿ, ವಿದ್ಯೆ ಕೇಳಿದರು. ಕಥೆಯಿಂದ ಶುರುವಾದದ್ದು ಶಾಸನಸಭೆಯ ತನಕ ಹೋಯಿತು.

ಅಪ್ಪಚ್ಚನ್ ಬಗ್ಗೆ ಓದುವಾಗ ನನಗೆ ಆಯಿ ನೆನಪಾದಳು. ಅವರು ಚರ್ಚು ಬಿಟ್ಟು ಹೊರಗೆ ಬಂದು ಮಾಡಿದ್ದನ್ನು ಈಕೆ ಒಲೆ ಮುಂದೆ ಕೂತು, ಯೇಸುವಿನ ಕೈ ಬಿಡದೆಯೇ ಮಾಡಿದ್ದಳು. ಆಯಿಯನ್ನು ಮಣ್ಣು ಮಾಡಿ ಬಂದ ರಾತ್ರಿ ಅತ್ತಿ ಹೇಳಿದ್ಲು: "ನೀವು ಹುಡುಗ್ರು ಅರ್ಧಕ್ಕೇ ಮಲಗಿಬಿಡ್ತಿದ್ರಿ. ಸಮುದ್ರ ದಾಟೋದು ಬಂದಾಗ ಅವ್ವ ಒಬ್ಬೊಬ್ಬರ ಹೆಸರು ಹಿಡದು ದಾಟಸ್ತಿದ್ಲು." ಜೀತದಲ್ಲೇ ಸತ್ತ ತನ್ನ ಅಪ್ಪ, ಹೆರಿಗೆಯಲ್ಲಿ ಹೋದ ತಂಗಿ, ಬರಗಾಲದಲ್ಲಿ ಊರು ಬಿಟ್ಟು ವಾಪಸ್ ಬಾರದವರು. ಎಲ್ಲರನ್ನೂ ಆಚೆ ದಡ ಮುಟ್ಟಿಸಿದ ಮೇಲೆಯೇ ಆಕಿಯ ಕಥೆ ಮುಗೀತಿತ್ತಂತೆ.

ನಾನು ಪೂರಾ ಕೇಳಿರಲಿಲ್ಲ. ಆಯಿ ಹೇಳಿದ್ದು ನಿಜ.

ನಾನು ಇವತ್ತೂ ಬಾಬಾಸಾಹೇಬರ ದಾರಿಯಲ್ಲೇ ಇದ್ದೀನಿ, ಚರ್ಚಿಗೆ ಹೋಗಲ್ಲ. ಆದ್ರೆ ಭರವಸೆ ಅನ್ನೋದು ಎಲ್ಲಿಂದ ಹುಟ್ಟುತ್ತೆ ಅಂತ ನನಗೆ ಕಲಿಸಿದ್ದು ಆ ಒಲೆ. ನಮ್ಮವರ ಹೆಸರು ಕಥೆಯೊಳಗೆ ಬಂದಾಗ ಅದು ಹುಟ್ಟುತ್ತೆ.

ಇದು ಬರೀ ಭಾವನೆಯ ಮಾತಲ್ಲ. 1950ರ ರಾಷ್ಟ್ರಪತಿ ಆದೇಶ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ಉಳಿದರು. ಧರ್ಮಕ್ಕೂ ಪರಿಶಿಷ್ಟ ಜಾತಿಗೂ ಗಂಟು ಹಾಕಬೇಡಿ ಅಂತ ರಂಗನಾಥ ಮಿಶ್ರಾ ಆಯೋಗದ ವರದಿ 2007ರಲ್ಲೇ ಹೇಳಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಇನ್ನೊಂದು ಆಯೋಗ ಮಾಡಿದರು. ನಮ್ಮ ಅಣ್ಣನ ಮಗಳು ಜಾತಿ ಪ್ರಮಾಣಪತ್ರಕ್ಕೆ ಹೋದಾಗ ಒಬ್ಬ ಅಧಿಕಾರಿ ನಕ್ಕು ಕೇಳಿದರು: "ಕ್ರಿಶ್ಚಿಯನ್ ಆದ ಮೇಲೆ ಜಾತಿ ಎಲ್ಲಿದೆಯಮ್ಮಾ?" ಎಲ್ಲಿದೆ ಅಂತ ಊರ ಬಾವಿಗೆ ಗೊತ್ತು, ಸ್ಮಶಾನಕ್ಕೆ ಗೊತ್ತು, ನಮ್ಮಾಯಿಯ ಫರೋಹನಿಗೂ ಗೊತ್ತು.

ಅದಕ್ಕೇ ಒಂದು ವಿನಂತಿ. ನಿಮ್ಮ ಕೇರಿಯಲ್ಲಿ ಹಿರಿಯರು ಇನ್ನೂ ಇದ್ದಾರಲ್ಲ, ಈ ಭಾನುವಾರ ಅವರ ಹತ್ತಿರ ಕೂತ್ಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ಯೇಸುವಿನ ಕಥೆ ಹೇಳ್ತಾರೋ, ಮಂಟೇಸ್ವಾಮಿ ಕಥೆ ಹೇಳ್ತಾರೋ, ಜೀತದ್ದು ಹೇಳ್ತಾರೋ, ಹೇಳಲಿ. ನಡುವೆ ಬಾಯಿ ಹಾಕಬೇಡಿ.

ಮತ್ತೆ, ದಯವಿಟ್ಟು ನನ್ನ ಹಾಗೆ ಅರ್ಧಕ್ಕೇ ಮಲಗಬೇಡಿ.

ಜೈ ಭೀಮ್.