ಬ್ರಿಟನ್ ಮೇಲಿನ ಫ್ರೆಂಚ್ ದಾಳಿಯ ಯೋಜನೆ (1744)

ಪದಚ್ಯುತ ಸ್ಟುವರ್ಟ್ ಮನೆತನವನ್ನು ಬ್ರಿಟನ್ನಿನ ಸಿಂಹಾಸನದಲ್ಲಿ ಮರಳಿ ಕೂರಿಸಲು ಫ್ರಾನ್ಸಿನ ದೊರೆ 15ನೇ ಲೂಯಿ ರೂಪಿಸಿದ ದಂಡಯಾತ್ರೆ. 1743ರ ಕೊನೆಯಲ್ಲಿ ಗುಟ್ಟಾಗಿ ಆರಂಭವಾದ ಸಿದ್ಧತೆ 1744ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ಮುರಿದುಬಿತ್ತು. ಒಬ್ಬ ಫ್ರೆಂಚ್ ಸೈನಿಕನೂ ಇಂಗ್ಲೆಂಡಿನ ದಡ ಮುಟ್ಟಲಿಲ್ಲ. ಆದರೆ 1745ರ ಜಾಕಬೈಟ್ ದಂಗೆಗೆ ಇದು ನಾಂದಿಯಾಯಿತು.

ಹಿನ್ನೆಲೆ: 1688ರ ಕ್ರಾಂತಿಯಲ್ಲಿ ಕ್ಯಾಥೊಲಿಕ್ ದೊರೆ 2ನೇ ಜೇಮ್ಸ್ ಪಟ್ಟ ಕಳೆದುಕೊಂಡು ಫ್ರಾನ್ಸಿಗೆ ಓಡಿಹೋದ. 1714ರಲ್ಲಿ ಜರ್ಮನಿಯ ಹ್ಯಾನೋವರ್ ಮನೆತನ ಬ್ರಿಟನ್ನಿನ ಆಳ್ವಿಕೆಗೆ ಬಂತು. 2ನೇ ಜೇಮ್ಸನ ಮಗ ಜೇಮ್ಸ್ ಫ್ರಾನ್ಸಿಸ್ ಎಡ್ವರ್ಡ್ ರೋಮಿನಲ್ಲಿ ನೆಲೆಸಿ, ಸಿಂಹಾಸನ ತನಗೆ ಸಲ್ಲಬೇಕೆಂಬ ಪಟ್ಟನ್ನು ಬಿಡದೆ ಕಾಯುತ್ತಿದ್ದ. ಇವನ ಬೆಂಬಲಿಗರೇ ಜಾಕಬೈಟರು. ಆಸ್ಟ್ರಿಯದ ಉತ್ತರಾಧಿಕಾರದ ಯುದ್ಧ ನಡೆಯುತ್ತಿದ್ದಾಗ, 1743ರ ಜೂನ್‌ನಲ್ಲಿ, ಬ್ರಿಟನ್ನಿನ 2ನೇ ಜಾರ್ಜ್ ಡೆಟಿಂಗನ್ ಕದನದಲ್ಲಿ ಸ್ವತಃ ರಣರಂಗಕ್ಕಿಳಿದು ಫ್ರೆಂಚರನ್ನು ಸೋಲಿಸಿದ. ಬ್ರಿಟಿಷ್ ಸೇನೆಯ ದೊಡ್ಡ ಭಾಗ ಆಗ ಸ್ವದೇಶದಿಂದ ಹೊರಗಿತ್ತು. ಇತ್ತ ಇಂಗ್ಲೆಂಡಿನ ಟೋರಿ ಪಕ್ಷದ ಕೆಲವು ನಾಯಕರು ಫ್ರಾನ್ಸಿನ ನೆರವು ಕೋರಿದ್ದರು.

ಯೋಜನೆ: ಎರಡು ದೇಶಗಳ ನಡುವೆ ಯುದ್ಧ ಇನ್ನೂ ವಿಧಿವತ್ತಾಗಿ ಘೋಷಣೆಯಾಗಿರಲಿಲ್ಲ. ಹಾಗಾಗಿ ಎದುರಾಳಿ ಎಚ್ಚೆತ್ತುಕೊಳ್ಳುವ ಮೊದಲೇ ಹೊಡೆಯುವುದು ಲೂಯಿಯ ಉದ್ದೇಶವಾಗಿತ್ತು. ಸೇನಾನಿ ಮಾರಿಸ್ ದ ಸಾಕ್ಸ್ ಡನ್‌ಕರ್ಕ್ ಬಂದರಿನಿಂದ ಸುಮಾರು 12,000 ಸೈನಿಕರನ್ನು ಎಸೆಕ್ಸ್‌ನ ಮಾಲ್ಡನ್ ಬಳಿ ಇಳಿಸಿ ಲಂಡನ್ನಿನತ್ತ ನಡೆಸಬೇಕಿತ್ತು. ಬ್ರೆಸ್ಟ್‌ನಿಂದ ಹೊರಡುವ ಫ್ರೆಂಚ್ ನೌಕಾಧಿಪತಿ ರೋಕ್‌ಫಯ್‌ನ ನೌಕಾಪಡೆ ಇಂಗ್ಲಿಷ್ ಕಾಲುವೆಯಲ್ಲಿ ದಾರಿ ಕಾಯಬೇಕಿತ್ತು. ಜೇಮ್ಸ್ ತನ್ನ ಹಿರಿಯ ಮಗ ಚಾರ್ಲ್ಸ್ ಎಡ್ವರ್ಡ್‌ನನ್ನು ರಾಜಪ್ರತಿನಿಧಿಯೆಂದು ನೇಮಿಸಿದ. 23 ವರ್ಷದ ಚಾರ್ಲ್ಸ್ 1744ರ ಜನವರಿಯಲ್ಲಿ ಬೇಟೆಯ ನೆಪ ಹೇಳಿ ರೋಮ್ ಬಿಟ್ಟು, ಗುಟ್ಟಾಗಿ ಫ್ರಾನ್ಸ್ ಸೇರಿಕೊಂಡ.

ವೈಫಲ್ಯ: ಗುಟ್ಟು ಬಹುಕಾಲ ಉಳಿಯಲಿಲ್ಲ. ಫ್ರೆಂಚ್ ವಿದೇಶಾಂಗ ಇಲಾಖೆಯ ಅಧಿಕಾರಿ ಫ್ರಾನ್ಸ್ವಾ ದ ಬುಸ್ಸಿ ಹಣಕ್ಕಾಗಿ ಲಂಡನ್ನಿಗೆ ಸುದ್ದಿ ಮುಟ್ಟಿಸುತ್ತಿದ್ದ. ಫೆಬ್ರವರಿಯಲ್ಲಿ ದಾಳಿಯ ವಿವರವೂ ಅವನಿಂದಲೇ ತಲುಪಿತು. ಬ್ರಿಟಿಷ್ ಸರ್ಕಾರ ಶಂಕಿತ ಜಾಕಬೈಟರನ್ನು ಬಂಧಿಸಿ, ಡಚ್ಚರಿಂದ ಸೈನ್ಯ ತರಿಸಿಕೊಂಡಿತು. ಎಪ್ಪತ್ತು ದಾಟಿದ್ದ ಅಡ್ಮಿರಲ್ ಜಾನ್ ನಾರಿಸ್ ಡಂಜನೆಸ್ ಬಳಿ ರೋಕ್‌ಫಯ್‌ನ ಹಡಗುಗಳನ್ನು ಸಮೀಪಿಸುತ್ತಿದ್ದಾಗ ಬಿರುಗಾಳಿ ಎದ್ದಿತು. ಫ್ರೆಂಚ್ ನೌಕಾಪಡೆ ಹಿಮ್ಮೆಟ್ಟಿತು. ಡನ್‌ಕರ್ಕ್‌ನಲ್ಲಿ ಸೈನಿಕರು ತುಂಬಿದ್ದ ಸಾಗಣೆ ಹಡಗುಗಳು ಒಡೆದುಹೋದವು, ಕೆಲವು ಜನರ ಸಮೇತ ಮುಳುಗಿದವು. ಲೂಯಿ ಯೋಜನೆಯನ್ನು ಕೈಬಿಟ್ಟ.

ಪರಿಣಾಮ: ಅದೇ ಮಾರ್ಚ್‌ನಲ್ಲಿ ಫ್ರಾನ್ಸ್ ಬ್ರಿಟನ್ ಮೇಲೆ ಬಹಿರಂಗವಾಗಿ ಯುದ್ಧ ಸಾರಿತು. ಈ ಹಗೆತನ ಭಾರತದ ಕರಾವಳಿಗೂ ಹಬ್ಬಿ, 1746ರಲ್ಲಿ ಮದರಾಸು ಫ್ರೆಂಚರ ವಶವಾಯಿತು. ಸಾಕ್ಸ್‌ನನ್ನು ಫ್ಲಾಂಡರ್ಸ್ ರಣರಂಗಕ್ಕೆ ಕಳುಹಿಸಲಾಯಿತು. ಫ್ರಾನ್ಸಿಗೆ ಸ್ಟುವರ್ಟರ ಪುನಃಸ್ಥಾಪನೆ ಯುದ್ಧದ ಹಲವು ದಾರಿಗಳಲ್ಲಿ ಒಂದಾಗಿತ್ತು. ಚಾರ್ಲ್ಸ್‌ಗೆ ಬೇರೆ ದಾರಿಯೇ ಇರಲಿಲ್ಲ. ಅವನು 1745ರ ಜುಲೈನಲ್ಲಿ ಫ್ರೆಂಚ್ ಸೈನ್ಯವಿಲ್ಲದೆಯೇ ಸ್ಕಾಟ್ಲೆಂಡಿನಲ್ಲಿ ಇಳಿದು ದಂಗೆ ಎಬ್ಬಿಸಿದ. 1746ರ ಏಪ್ರಿಲ್‌ನಲ್ಲಿ ಕಲೋಡನ್‌ನಲ್ಲಿ ಸೋತ. 1748ರ ಶಾಂತಿ ಒಪ್ಪಂದದಂತೆ ಫ್ರಾನ್ಸ್ ಅವನನ್ನು ಪ್ಯಾರಿಸ್ಸಿನಲ್ಲಿ ಬಂಧಿಸಿ ದೇಶದಿಂದ ಹೊರಹಾಕಿತು.